ದಂಟು ಹಿಸುಕಿ ನೋಡುವವಳು

ಗೇಟಿನ ಪಕ್ಕದ ಗೋಡೆಗೆ ಅಂಟಿಸಿದ್ದ ಚಿತ್ರದಲ್ಲಿ ಒಂದು ಕೈ ಇತ್ತು. ಕೈ ಮಾತ್ರ. ಮುಖವಿಲ್ಲ, ಮೈಯಿಲ್ಲ. ಆ ಕೈಯಲ್ಲಿ ಉದ್ದಕ್ಕೆ ಸೀಳಿದ ಒಂದು ಗೋಧಿ ದಂಟು. ದಂಟಿನ ಒಳಗೆ ಬೆಳ್ಳಗೆ ಒತ್ತೊತ್ತಾಗಿ ತುಂಬಿದ ತಿರುಳು. ಕೆಳಗೆ ದಪ್ಪ ಅಕ್ಷರದಲ್ಲಿ 'ಹುಳಕ್ಕೆ ಬಗ್ಗದ ಗೋಧಿ' ಎಂದು ಬರೆದಿದೆಯಂತೆ. ಓದಿ ಹೇಳಿದವಳು ಚಿಮಟಕ್ಕನ ಓರಗಿತ್ತಿ. ಚಿತ್ರದಲ್ಲಿದ್ದ ಕೈಯೂ ಅವಳದೇ.

ಚಿಮಟಕ್ಕನಿಗೆ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು.

ಆಗದೆ ಏನು? ಚಿತ್ರ ತೆಗೆದ ದಿನ ಅವಳೂ ಅಲ್ಲೇ ಇದ್ದಳು. ಹೊಲದಲ್ಲಿ ಅಲೆದು ಆ ದಂಟನ್ನು ಆರಿಸಿ ತಂದವಳು ಅವಳು. ಬ್ಲೇಡಿನಿಂದ ಒಂದೇ ಎಳೆತಕ್ಕೆ ನೆಟ್ಟಗೆ ಸೀಳಿದವಳು ಅವಳು. ಫೋಟೋದವನು ಕ್ಯಾಮೆರಾ ಕಣ್ಣಿಗಿಟ್ಟು, "ಹಾಗೇ ಹಿಡ್ಕೊಳಮ್ಮ, ಅಲ್ಲಾಡ್ಬೇಡ" ಎಂದಿದ್ದ. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಅಷ್ಟರಲ್ಲಿ ದೊಡ್ಡ ಸಾಹೇಬರು ಬಗ್ಗಿ ನೋಡಿದರು. ದಂಟನ್ನಲ್ಲ, ಕೈಯನ್ನು.

"ಈ ಕೈ ಬೇಡಪ್ಪ, ನೋಡೋಕಾಗಲ್ಲ. ಬೇರೆ ಯಾರದಾದ್ರೂ ತಗೊಳ್ಳಿ."

ಹೆಬ್ಬೆರಳಿನ ಚರ್ಮ ಒಡೆದು ಸೀಳುಗಳಲ್ಲಿ ಕಪ್ಪು ಕೂತಿತ್ತು. ತೋರುಬೆರಳಿನ ತುಂಬ ಬ್ಲೇಡು ಕೊಯ್ದ ಗುರುತು, ಒಂದರ ಮೇಲೊಂದು. ಒಂದು ಉಗುರು ನಡುವೆ ಸೀಳಿ ಹಾಗೇ ಬೆಳೆದಿತ್ತು. ಹತ್ತೊಂಬತ್ತು ವರ್ಷ ಆ ಕೈಯನ್ನು ನೋಡೋಕೆ ಯಾರಿಗೂ ಕಷ್ಟವಾಗಿರಲಿಲ್ಲ. ಆ ಒಂದು ದಿನ ಮಾತ್ರ ಆಯಿತು.

ಓರಗಿತ್ತಿ ನಾಚುತ್ತ ಮುಂದೆ ಬಂದಳು. ಬಟ್ಟೆಗೆ ಕೈ ಒರೆಸಿಕೊಂಡು ದಂಟು ಹಿಡಿದಳು. ತಲೆಕೆಳಗಾಗಿ ಹಿಡಿದಳು. ಇವತ್ತಿಗೂ ಆ ಚಿತ್ರದಲ್ಲಿ ದಂಟಿನ ಬುಡ ಮೇಲಿದೆ, ತುದಿ ಕೆಳಗಿದೆ. ಸಾಹೇಬರಿಗೂ ಗೊತ್ತಾಗಿಲ್ಲ, ಫೋಟೋದವನಿಗೂ ಗೊತ್ತಾಗಿಲ್ಲ. ಗೊತ್ತಿದ್ದವಳನ್ನು ಯಾರೂ ಕೇಳಲಿಲ್ಲ.

ಅವರು ಕೆಲಸ ಮಾಡುತ್ತಿದ್ದದ್ದು ಗೋಧಿಯ ಹೊಸ ತಳಿ ಮಾಡುವ ಕೇಂದ್ರದಲ್ಲಿ. ಸುತ್ತ ಮುಳ್ಳುತಂತಿ, ನಡುವೆ ಒಂದು ಬಿಳಿ ಕಟ್ಟಡ, ಉಳಿದದ್ದೆಲ್ಲ ಹೊಲ. ಹೊಲದಲ್ಲಿ ಹೆಂಗಸರು, ಕಟ್ಟಡದಲ್ಲಿ ಸಾಹೇಬರು. ಗೋಧಿಗೆ ಬೀಳುವ ಒಂದು ನೊಣದ ಮೇಲೆ ಇವರೆಲ್ಲರ ಬದುಕು ನಿಂತಿತ್ತು. ಕಪ್ಪು ಮೈ, ಹಳದಿ ಪಟ್ಟೆ, ಕಾಳಿನಷ್ಟು ಉದ್ದದ ನೊಣ. ಎಳೆ ದಂಟಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಹುಳ ಒಳಗಿಂದಲೇ ತಿನ್ನುತ್ತ ಬುಡಕ್ಕಿಳಿಯುತ್ತದೆ. ಹೊರಗಿಂದ ನೋಡಿದರೆ ಪೈರು ಚೆನ್ನಾಗಿಯೇ ಇರುತ್ತದೆ. ತೆನೆ ಬಲಿತು ನಾಳೆ ಕೊಯ್ಯಬೇಕು ಎನ್ನುವಾಗ ಹುಳ ಬುಡವನ್ನು ಸುತ್ತ ಕತ್ತರಿಸಿಡುತ್ತದೆ. ಒಂದು ಗಾಳಿ ಬೀಸಿದರೆ ಸಾಕು, ಇಡೀ ಹೊಲ ಮಲಗುತ್ತದೆ. ಮದ್ದು ಹೊಡೆದರೆ ಒಳಗಿರುವ ಹುಳಕ್ಕೆ ತಾಕುವುದಿಲ್ಲ. ಇರುವ ದಾರಿ ಒಂದೇ. ಹುಳಕ್ಕೆ ಒಳಗೆ ಜಾಗವೇ ಸಿಗಬಾರದು. ದಂಟು ಟೊಳ್ಳಾಗಿರದೆ ಗಟ್ಟಿಯಾಗಿರಬೇಕು.

ದಂಟು ಗಟ್ಟಿಯಿದ್ದ ಹಳೆಯ ಗೋಧಿಯಲ್ಲಿ ಕಾಳು ಕಡಿಮೆ. ಕಾಳು ಜಾಸ್ತಿಯಿದ್ದ ಗೋಧಿಯ ದಂಟು ಟೊಳ್ಳು. ಎರಡನ್ನೂ ಕೂಡಿಸಬೇಕು. ಕೂಡಿಸುವುದು ಹೆಂಗಸರ ಕೆಲಸ. ಅಕ್ಕಿಕಾಳಿಗಿಂತ ಸಣ್ಣ ಹೂವನ್ನು ಬಿಡಿಸಿ, ಅದರೊಳಗಿನ ಮೂರು ಗಂಡು ಎಳೆಗಳನ್ನು ಚಿಮಟದಲ್ಲಿ ಕಿತ್ತು ತೆಗೆಯಬೇಕು. ಒಂದು ಉಳಿದರೂ ಆ ತೆನೆ ಹಾಳು. ಆಮೇಲೆ ಇನ್ನೊಂದು ಗೋಧಿಯ ಪರಾಗವನ್ನು ಅದರ ಮೇಲೆ ಉದುರಿಸಬೇಕು. ಸೊಂಟ ಬಗ್ಗಿಸಿ, ಮಂಜಿನಲ್ಲಿ ಮೊಣಕಾಲು ನೆನೆಸಿಕೊಂಡು, ದಿನಕ್ಕೆ ನೂರಾರು ಹೂವು. ಚಿಮಟಕ್ಕ ಎಂಬ ಹೆಸರು ಬಂದದ್ದು ಹಾಗೆ. ಮೇಸ್ತ್ರಿ ತಮಾಷೆಗೆ ಕರೆದ, ಅದೇ ನಿಂತಿತು.

ಆದರೆ ಅವಳ ನಿಜವಾದ ವಿದ್ಯೆ ಚಿಮಟದಲ್ಲಿರಲಿಲ್ಲ. ಬೆರಳಲ್ಲಿತ್ತು.

ಮೊದಲೆಲ್ಲ ಗಿಡ ಗಟ್ಟಿಯೋ ಟೊಳ್ಳೋ ನೋಡಲು ದಂಟು ಸೀಳಬೇಕಿತ್ತು. ಪೂರ್ತಿ ಟೊಳ್ಳಿಗೆ ಒಂದು, ಪೂರ್ತಿ ಗಟ್ಟಿಗೆ ಐದು, ನಡುವಿನದಕ್ಕೆ ನಡುವಿನ ಅಂಕಿ. ಸೀಳಿದ ದಂಟು ಸತ್ತ ಹಾಗೆ. ಅದಕ್ಕೇ ಕೊಯ್ಲಿನವರೆಗೆ ಕಾಯಬೇಕು, ಕಾದರೆ ಒಂದು ವರ್ಷ ಕೈಬಿಟ್ಟು ಹೋಯಿತು. ಕೆಲಸಕ್ಕೆ ಸೇರಿದ ಆರನೇ ವರ್ಷ ಚಿಮಟಕ್ಕ ಸೀಳದೆ ಹೇಳಲು ಶುರುಮಾಡಿದಳು. ಬುಡದಿಂದ ಎರಡನೇ ಗೆಣ್ಣಿಗಿಂತ ಸ್ವಲ್ಪ ಮೇಲೆ ಹೆಬ್ಬೆರಳು, ತೋರುಬೆರಳು ಇಟ್ಟು ಹಿಸುಕುವುದು. ಅಷ್ಟೇ. ಸಾಹೇಬರು ನಂಬಲಿಲ್ಲ. ನೂರು ದಂಟು ಹಿಸುಕಿಸಿ, ಆಮೇಲೆ ನೂರನ್ನೂ ಸೀಳಿಸಿ ನೋಡಿದರು. ತೊಂಬತ್ತೆಂಟು ಸರಿಯಿತ್ತು. ತಪ್ಪಿದ ಎರಡನ್ನು ಅವಳು ಇವತ್ತಿಗೂ ಮರೆತಿಲ್ಲ.

ಅಲ್ಲಿಂದ ಹೂ ಬಿಡುವ ಮೊದಲೇ ಗಟ್ಟಿ ಗಿಡ ಯಾವುದೆಂದು ಗೊತ್ತಾಗತೊಡಗಿತು. ಅದೇ ವರ್ಷ ಅದೇ ಗಿಡವನ್ನು ಕೂಡಿಸಬಹುದಿತ್ತು. ದಿನಕ್ಕೆ ಎಂಟುನೂರು ದಂಟು ಹಿಸುಕಿದರೆ ಸಂಜೆ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿಕೊಳ್ಳುತ್ತಿತ್ತು. ತುತ್ತು ಹಿಡಿಯಲು ಆಗುತ್ತಿರಲಿಲ್ಲ, ಎಡಗೈಯಲ್ಲಿ ತಿನ್ನುತ್ತಿದ್ದಳು. ಸಾಹೇಬರು ಅದರ ಬಗ್ಗೆ ದೊಡ್ಡ ಲೇಖನ ಬರೆದರು, ದೊಡ್ಡ ಹೆಸರು ಮಾಡಿದರು. ಲೇಖನದಲ್ಲಿ ಬೆರಳಿನ ಮಾತೇ ಇಲ್ಲವಂತೆ. 'ತರಬೇತಿ ಪಡೆದ ಸಿಬ್ಬಂದಿ ದಂಟುಗಳನ್ನು ಪರೀಕ್ಷಿಸಿದರು' ಎಂದು ಒಂದು ಸಾಲು ಇದೆಯಂತೆ. ಇದನ್ನೂ ಓದಿ ಹೇಳಿದವಳು ಓರಗಿತ್ತಿಯೇ.

ಈ ಓರಗಿತ್ತಿಯನ್ನು ಕೇಂದ್ರಕ್ಕೆ ಕರೆತಂದವಳು ಯಾರು? ಅದನ್ನು ನೆನೆದರೆ ಚಿಮಟಕ್ಕನಿಗೆ ತನ್ನ ತಲೆ ತಾನೇ ಚಚ್ಚಿಕೊಳ್ಳಬೇಕೆನಿಸುತ್ತಿತ್ತು. ಮೈದುನನನ್ನು ಮದುವೆಯಾಗಿ ಮನೆಗೆ ಬಂದ ಹುಡುಗಿ ಮೂರು ತಿಂಗಳು ಕಿಟಕಿ ಹತ್ತಿರ ಕೂತು ಬೇಸರಪಟ್ಟುಕೊಂಡಳು. ಪಾಪ ಅನ್ನಿಸಿತು. ಮೇಸ್ತ್ರಿಗೆ ಹೇಳಿ ಸೇರಿಸಿದಳು. "ನಮ್ಮನೆ ಹುಡುಗಿ, ಓದಿದಾಳೆ" ಎಂದು ಹೆಮ್ಮೆಯಿಂದ ಬೇರೆ ಹೇಳಿದ್ದಳು. ಬಿಸಿಲಿಗೆ ಎರಡು ಸಲ ತಲೆತಿರುಗಿ ಬಿದ್ದ ಹುಡುಗಿಯ ಕೈಗೆ ಮೇಸ್ತ್ರಿ ಪುಸ್ತಕ ಕೊಟ್ಟ. ಚಿಮಟಕ್ಕ ಹಿಸುಕಿ ಅಂಕಿ ಹೇಳುವುದು, ಓರಗಿತ್ತಿ ಹಿಂದೆ ನಿಂತು ಬರೆಯುವುದು. ಮುತ್ತು ಪೋಣಿಸಿದ ಹಾಗಿತ್ತು ಅಕ್ಷರ. ಸಾಹೇಬರು ಪುಟ ತಿರುಗಿಸಿ ತಿರುಗಿಸಿ ನೋಡಿದರು. ಹೇಳಿದ್ದು ಯಾರು ಎಂದು ಪುಟದಲ್ಲಿ ಕಾಣುವುದಿಲ್ಲವಲ್ಲ.

ಐದು ವರ್ಷ ಹೀಗೇ ನಡೆಯಿತು. ಕಳೆದ ವರ್ಷ ಒಂದು ಖಾಯಂ ಕೆಲಸ ಬಂತು. ದಂಟು ಪರೀಕ್ಷಿಸಿ ದಾಖಲೆ ಇಡುವವರ ಕೆಲಸ. ಎಲ್ಲರೂ ಚಿಮಟಕ್ಕನ ಮುಖ ನೋಡಿದರು. ಅವಳೂ ಎರಡು ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಳು. ಮೂರನೇ ದಿನ ಕೆಲಸ ಓರಗಿತ್ತಿಗೆ ಸಿಕ್ಕಿತು.

"ಓದು ಬರಹ ಬೇಕಲ್ಲ" ಎಂದ ಮೇಸ್ತ್ರಿ. "ನಿಂಗೆ ಬರುತ್ತಾ?"

ಅವತ್ತಿನಿಂದ ಚಿಮಟಕ್ಕನ ಕಣ್ಣು ಬೇರೆಯಾಯಿತು. ಓರಗಿತ್ತಿಗೆ ಕೂರಲು ಕುರ್ಚಿ ಬಂತು, ಅದು ಕಂಡಿತು. ಕಾಲಿಗೆ ಬಟ್ಟೆಯ ಶೂ ಬಂತು, ಕಂಡಿತು. ತಲೆಯ ಮೇಲೆ ಫ್ಯಾನು, ಕೈಗೆ ಛತ್ರಿ, ಹೊಟ್ಟೆನೋವಿಗೆ ರಜೆ. ಒಂದೊಂದೂ ಎದೆಗೆ ಚುಚ್ಚಿತು. ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಒಂದು ಕೀಲಿಕೈ.

ಬಿಳಿ ಕಟ್ಟಡದಲ್ಲಿ ಹೆಂಗಸರ ಪಾಯಿಖಾನೆ ಒಂದಿತ್ತು. ಅದಕ್ಕೆ ಬೀಗ. ಹೊಲದ ಹೆಂಗಸರು ಕೊನೆಯ ಬೇಲಿ ದಾಟಿ ಕಾಲುವೆಯ ಆಚೆ ಹೋಗಬೇಕು. ಹೋಗುವ ಮೊದಲು ಮೇಸ್ತ್ರಿಯನ್ನು ಕೇಳಬೇಕು. ಅವನು ಗಡಿಯಾರ ನೋಡಿ, "ಈಗ ತಾನೆ ಹೋಗಿದ್ಯಲ್ಲ?" ಎನ್ನುತ್ತಿದ್ದ, ಎಲ್ಲರಿಗೂ ಕೇಳುವ ಹಾಗೆ. ನಲವತ್ನಾಲ್ಕು ವರ್ಷದ ಹೆಂಗಸು ಅವನ ಮುಂದೆ ಹೊಟ್ಟೆ ಹಿಡಿದುಕೊಂಡು ನಿಲ್ಲಬೇಕು. ಆ ಬೀಗದ ಕೀಲಿಕೈ ಈಗ ಓರಗಿತ್ತಿಯ ಸೊಂಟದಲ್ಲಿ ಕಿಣಿಕಿಣಿ ಎನ್ನುತ್ತಿತ್ತು.

ಒಂದು ದಿನ ಓರಗಿತ್ತಿ ಹತ್ತಿರ ಬಂದು ಪಿಸುಗುಟ್ಟಿದಳು. "ಅಕ್ಕ, ಕೀ ತಗೊಂಡು ಹೋಗ್ಬಾ. ಯಾರೂ ನೋಡಲ್ಲ."

"ಯಾರೂ ನೋಡಲ್ಲ ಅಂದ್ರೆ? ನಾನೇನು ಕದಿಯೋಕೆ ಹೋಗ್ತಿದೀನಾ?"

"ಹಾಗಲ್ಲ ಅಕ್ಕ..."

"ನಿನ್ನ ಕೀ ನೀನೇ ಇಟ್ಕೋ. ನಂಗೆ ಬೇಲಿ ಇದೆ."

ಅವಳು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದಳು. ಅದು ಚಿಮಟಕ್ಕನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇನ್ನಷ್ಟು ಉರಿಯಿತು. ಓರಗಿತ್ತಿ ಸೊಕ್ಕಿನವಳಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಮನೆಯಲ್ಲಿ ಒಂದೇ ಒಲೆ. ಆ ಒಲೆಯ ಮುಂದೆ ಇಬ್ಬರೂ ಅಕ್ಕಪಕ್ಕ ಕೂರಬೇಕು, ಅವಳ ಮೆತ್ತನೆಯ ಕೈ ತನ್ನ ಕೈಗೆ ತಾಗಬೇಕು.

"ಅವಳಿಗೆ ಸಿಕ್ಕಿದ್ದು ಮನೆಗೇ ಸಿಕ್ಕ ಹಾಗಲ್ವಾ?" ಎಂದ ಗಂಡ.

"ಮನೆಗೆ ಸಿಕ್ತು ಸರಿ. ನಂಗೇನ್ ಸಿಕ್ತು?"

ಅವನು ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದ.

ಈ ವರ್ಷ ಆರುನೂರು ಸಾಲು ಹೊಸ ಗಿಡ. ಹೆಸರಾದ ತಳಿಗಿಂತಲೂ ಒಳ್ಳೆಯದು ಅದರಲ್ಲಿ ಸಿಗಬೇಕಿತ್ತು. ಮೊದಲ ದಿನ ಬೆಳಿಗ್ಗೆ ಚಿಮಟಕ್ಕ ಎಂದಿನಂತೆ ಬಗ್ಗಿ ಹೊರಟಳು. ಹಿಂದೆ ಛತ್ರಿ, ಪುಸ್ತಕ, ಶೂ. ಗೋಧಿಯ ಎಲೆ ಕುತ್ತಿಗೆಗೆ ಗೀರುತ್ತಿತ್ತು. ಹಿಸುಕಿದಳು. "ಎರಡು." ಮುಂದಿನದು. "ಮೂರು." ಮುಂದಿನದು. ಅವಳು ಪ್ರತಿ ಗಿಡದ ಮುಂದೆ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಿದ್ದಳು. ಬೆರಳಿಗೆ ಅಷ್ಟು ಹೊತ್ತು ಬೇಕು.

"ಸ್ವಲ್ಪ ಬೇಗ್ ಬೇಗ ಹೇಳಕ್ಕ" ಎಂದಳು ಓರಗಿತ್ತಿ ಹಿಂದಿನಿಂದ. "ನಂಗೆ ಆಫೀಸಲ್ಲಿ ಬೇರೆ ಕೆಲಸ ಇದೆ."

ಚಿಮಟಕ್ಕನ ಬೆರಳ ನಡುವೆ ಆಗ ಒಂದು ದಂಟಿತ್ತು. ಕಲ್ಲಿನ ಹಾಗೆ ಗಟ್ಟಿ. ಹತ್ತೊಂಬತ್ತು ವರ್ಷದಲ್ಲಿ ಅಂಥ ದಂಟು ಬೆರಳಿಗೆ ಸಿಕ್ಕಿರಲಿಲ್ಲ. ಅವಳು ತಲೆಯೆತ್ತದೆ ಹೇಳಿದಳು.

"ಒಂದು."

ಓರಗಿತ್ತಿ ಬರೆದುಕೊಂಡಳು. ಆಕಾಶ ಬೀಳಲಿಲ್ಲ. ಮೇಸ್ತ್ರಿ ದೂರದಲ್ಲಿ ಹಲ್ಲುಕಡ್ಡಿ ಆಡಿಸುತ್ತ ನಿಂತಿದ್ದ. ಮುಂದಿನದು ಒತ್ತಿದರೆ ಚಪ್ಪಟೆಯಾಗುವಷ್ಟು ಟೊಳ್ಳು.

"ಐದು."

ಅದನ್ನೂ ಬರೆದುಕೊಂಡಳು, ಅದೇ ಮುತ್ತಿನಂಥ ಅಕ್ಷರದಲ್ಲಿ. ಚಿಮಟಕ್ಕನಿಗೆ ಬಾಯಲ್ಲಿ ಬೆಲ್ಲ ಕರಗಿದ ಹಾಗಾಯಿತು. ತಾನು ಒಂದು ಎಂದರೆ ಒಂದು, ಐದು ಎಂದರೆ ಐದು. ಫ್ಯಾನಿನ ಕೆಳಗಿನ ಪುಸ್ತಕಗಳೆಲ್ಲ ತನ್ನ ನಾಲಗೆ ಹೊರಳಿದ ಹಾಗೆ ಹೊರಳುತ್ತವೆ. ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ. ಹನ್ನೊಂದು ದಿನ ಅವಳು ಹೀಗೆ ಮಾಡಿದಳು. ಎಲ್ಲವನ್ನೂ ಅಲ್ಲ. ಮೂರಕ್ಕೊಂದು, ನಾಲ್ಕಕ್ಕೊಂದು. ಓರಗಿತ್ತಿಯ ಪುಸ್ತಕ ಹಾಳಾಗಬೇಕು, ಓರಗಿತ್ತಿ ಕುರ್ಚಿಯಿಂದ ಇಳಿಯಬೇಕು. ಅಷ್ಟೇ ಅವಳಿಗೆ ಬೇಕಿದ್ದದ್ದು. ಕೆಟ್ಟ ಆಸೆ. ಕೆಟ್ಟದ್ದು ಎಂದು ಅವಳಿಗೂ ಗೊತ್ತಿತ್ತು. ಹೋಗಲಿ ಎಂದು ಬಿಟ್ಟುಬಿಡಲು ಮಾತ್ರ ಆಗಲಿಲ್ಲ.

ಹನ್ನೆರಡನೇ ದಿನ ಮೇಸ್ತ್ರಿ ಪುಸ್ತಕ ನೋಡಿಕೊಂಡು ಮೊದಲ ನೂರು ಸಾಲಿನಲ್ಲಿ ಒಂದು, ಎರಡು ಬಂದ ಗಿಡಗಳನ್ನೆಲ್ಲ ಕೀಳಿಸಿದ. ಕಿತ್ತವರಲ್ಲಿ ಚಿಮಟಕ್ಕನೂ ಇದ್ದಳು. ಆ ಕಲ್ಲಿನಂಥ ಗಿಡ ಅವಳ ಕೈಗೇ ಬಂತು. ಎಳೆದಳು. ಬೇರು ಮಣ್ಣು ಬಿಡಲಿಲ್ಲ. ಮತ್ತೆ ಎಳೆದಳು. ಬಂತು. ಅದನ್ನು ರಾಶಿಗೆ ಎಸೆಯಲಾರದೆ ಕೈಯಲ್ಲೇ ಹಿಡಿದು ನಿಂತಳು.

"ಏನ್ ಚಿಮಟಕ್ಕ, ಗಿಡಕ್ಕೆ ಕಣ್ಣೀರ್ ಹಾಕ್ತಿದೀಯಾ?" ಎಂದ ಮೇಸ್ತ್ರಿ.

ಎಸೆದಳು. ಮಧ್ಯಾಹ್ನದ ಹೊತ್ತಿಗೆ ರಾಶಿಗೆ ಬೆಂಕಿ ಹಚ್ಚಿದರು. ಹಸಿ ಗಿಡ, ಬರೀ ಹೊಗೆ.

ಮರುದಿನ ಸಮಿತಿಯವರು ಬಂದರು. ಹೊಸ ತಳಿಗೆ ಒಪ್ಪಿಗೆ ಕೊಡುವವರು. ಮೂವರು. ಅವರಲ್ಲಿ ಒಬ್ಬಳು ಕನ್ನಡಕದ, ನರೆತ ಕೂದಲಿನ ಹೆಂಗಸು. ಸಾಹೇಬರು ಅವರನ್ನು ಹೊಲದ ನಡುವೆ ನಿಲ್ಲಿಸಿ, ಓರಗಿತ್ತಿಯ ಕೈಯಿಂದ ಪುಸ್ತಕ ತೆಗೆದುಕೊಂಡು, ಐದು ಎಂದು ಬರೆದ ಗಿಡದಿಂದ ಒಂದು ದಂಟು ಮುರಿದರು. "ಈಗ ನೋಡಿ" ಎಂದು ಬ್ಲೇಡು ಎಳೆದರು.

ಒಳಗೆ ಏನೂ ಇರಲಿಲ್ಲ. ಪೀಪಿ ಊದಬಹುದಿತ್ತು.

ಸಾಹೇಬರು ನಕ್ಕು ಇನ್ನೊಂದು ಮುರಿದರು. ಅದರೊಳಗೆ ಹುಳವೇ ಇತ್ತು. ಬೆಳಕು ಬಿದ್ದದ್ದಕ್ಕೆ ಅಷ್ಟು ಜನರ ಮುಂದೆ ಆರಾಮಾಗಿ ಮೈಮುರಿಯಿತು.

ಸಮಿತಿಯವರು ಮುಖ ಮುಖ ನೋಡಿಕೊಂಡರು. ಸಾಹೇಬರ ಕಿವಿ ಕೆಂಪಾಯಿತು. ಪುಸ್ತಕವನ್ನು ಓರಗಿತ್ತಿಯ ಎದೆಗೆ ಎಸೆದರು.

"ಕಣ್ಣೆಲ್ಲಿ ಇಟ್ಕೊಂಡಿದ್ದೆ? ಖಾಯಂ ಮಾಡಿದ್ದೇ ತಪ್ಪಾಯ್ತು ನಿನ್ನ. ದನ ಕಾಯೋಕೆ ಹೋಗು, ಅದಕ್ಕೇ ಲಾಯಕ್ಕು ನೀನು!"

ನಿಜ ಹೇಳಬೇಕೆಂದರೆ ಆ ಕ್ಷಣ ಚಿಮಟಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಗ್ಗಿ ಪುಸ್ತಕ ಎತ್ತಿಕೊಂಡ ಓರಗಿತ್ತಿ ಅವಳನ್ನೇ ನೋಡಿದಳು. ಬೈಗುಳ ನಿಲ್ಲುವವರೆಗೂ ತಲೆತಗ್ಗಿಸಿ ನಿಂತಿದ್ದಳು.

ಒಕ್ಕುವ ಶೆಡ್ಡಿನ ಹಿಂದೆ, ಚೀಲಗಳ ಮರೆಯಲ್ಲಿ, ಅವಳು ಚಿಮಟಕ್ಕನ ತೋಳು ಹಿಡಿದಳು.

"ಬೇಕಂತ್ಲೇ ಹೇಳ್ದೆ ಅಲ್ವಾ?"

ಚಿಮಟಕ್ಕ ತೋಳು ಬಿಡಿಸಿಕೊಂಡಳು.

"ಮೂರನೇ ದಿನಾನೇ ಗೊತ್ತಾಯ್ತು ನಂಗೆ. ಸುಳ್ಳು ಹೇಳುವಾಗ ನೀನು ಬೇಗ ಹೇಳ್ತೀಯ."

"ಗೊತ್ತಿದ್ದೂ ಯಾಕೆ ಬರ್ದೆ ಮತ್ತೆ?"

"ಇನ್ನೇನ್ ಮಾಡ್ಲಿ? ಕದ್ದು ನಾಕು ದಂಟು ಸೀಳಿ ನೋಡ್ದೆ. ಕೆಲವು ಸುಳ್ಳು ಅಂತ ತಿಳೀತು. ಆದ್ರೆ ಎರಡೋ ಮೂರೋ, ಮೂರೋ ನಾಕೋ, ನಂಗೆಲ್ಲಿ ತಿಳಿಯುತ್ತೆ? ಆರು ವರ್ಷದಿಂದ ನಿನ್ನ ಬಾಯಿ ನೋಡ್ಕೊಂಡು ಬರ್ದೋಳು ನಾನು. ಕೆಲಸ ಕೊಟ್ಟಿದಾರೆ. ಕೆಲಸ ಬರಲ್ಲ ನಂಗೆ. ನಿನ್ ಬೆರಳು ಕಂಡ್ರೆ ಎಷ್ಟು ಉರಿಯುತ್ತೆ ಗೊತ್ತಾ ಅಕ್ಕ?"

ಚಿಮಟಕ್ಕ ಬೆಚ್ಚಿದಳು. ಈ ಕೈಯನ್ನು ಕಂಡು ಉರಿದುಕೊಳ್ಳುವವರೂ ಇದ್ದಾರೆಯೇ? ಒಳಗೊಳಗೇ ಖುಷಿಯೂ ಆಯಿತು, ಅದನ್ನು ತೋರಿಸಲಿಲ್ಲ.

"ಹೋಗಿ ಹೇಳ್ಬಿಡು ಹಾಗಾದ್ರೆ. ಅಕ್ಕ ತಪ್ಪು ಹೇಳಿದ್ಲು ಅನ್ನು."

"ಹೇಗೆ ಹೇಳ್ಲಿ? ಪರೀಕ್ಷೆ ಮಾಡೋದು ನಾನಲ್ಲ, ಕೂಲಿಯೋಳು ಅನ್ಬೇಕಾಗುತ್ತೆ. ಅದನ್ನ ಬಾಯ್ಬಿಡ್ಬಾರ್ದು ಅಂತ ಮೊದಲ ದಿನಾನೇ ಸಾಹೇಬ್ರು ಹೇಳಿ ಕೂರ್ಸಿದಾರೆ."

ಅಷ್ಟರಲ್ಲಿ ಮೇಸ್ತ್ರಿ ಕೂಗಿದ. ಚಿಮಟಕ್ಕನನ್ನು ಸಾಹೇಬರು ಕರೆಯುತ್ತಿದ್ದರು. ಒಳಗೆ.

ಹತ್ತೊಂಬತ್ತು ವರ್ಷದಲ್ಲಿ ಅವಳು ಆ ಕೋಣೆಯ ನೆಲ ಒರೆಸಿದ್ದಳು, ಕೂತಿರಲಿಲ್ಲ. ಅವತ್ತು ಸಾಹೇಬರೇ ಕುರ್ಚಿ ತೋರಿಸಿದರು. ತುದಿಯಲ್ಲಿ ಕೂತಳು. ಪಕ್ಕದ ಕೋಣೆಯಲ್ಲಿ ಸಮಿತಿಯವರು ಚಹಾ ಕುಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಸಾಹೇಬರು ದನಿ ತಗ್ಗಿಸಿದರು. ಮುಂದೆ ಒಂದು ಕಾಗದ ಇಟ್ಟು, ಓದಿದರು.

"'ಈಕೆ ದಂಟುಗಳನ್ನು ಸರಿಯಾಗಿ ಪರೀಕ್ಷಿಸದೆ ತಪ್ಪು ಅಂಕಿಗಳನ್ನು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.' ಅಷ್ಟೇ. ನೀನು ಹೆಬ್ಬೆಟ್ಟು ಒತ್ತಿದ್ರೆ ಸಾಕು. ಅವಳನ್ನ ತೆಗೀತೀನಿ, ಆ ಜಾಗ ನಿಂಗೆ. ಬರೆಯೋಕೆ ಬೇರೆ ಯಾರನ್ನಾದ್ರೂ ಕೊಡೋಣ."

ಶಾಯಿಯ ಡಬ್ಬಿ ತೆರೆದಿಟ್ಟರು. ಓರಗಿತ್ತಿಯಿಂದ ಆಗಲೇ ಕಸಿದುಕೊಂಡಿದ್ದ ಕೀಲಿಕೈಯನ್ನು ಮೇಜಿನ ಮೇಲೆ ಸರಿಸಿದರು.

ಚಿಮಟಕ್ಕ ಕೀಲಿಕೈ ನೋಡಿದಳು. ಮೇಲೆ ಫ್ಯಾನು ತಿರುಗುತ್ತಿತ್ತು. ಕೂತ ಕುರ್ಚಿ ಮೆತ್ತಗಿತ್ತು. ಒಂದು ವರ್ಷದಿಂದ ಯಾವುದನ್ನು ಕಂಡು ಬೆಂದಳೋ ಅದೆಲ್ಲ ಒಂದು ಹೆಬ್ಬೆಟ್ಟಿನ ದೂರದಲ್ಲಿತ್ತು. ನಾಳೆಯಿಂದ ಬೇಲಿ ದಾಟಬೇಕಿಲ್ಲ. ಮೇಸ್ತ್ರಿಯ ಗಡಿಯಾರ ನೋಡಬೇಕಿಲ್ಲ. ಒಲೆಯ ಮುಂದೆ ಓರಗಿತ್ತಿ ತಲೆತಗ್ಗಿಸಿ ಕೂರುತ್ತಾಳೆ. ತಗೋ, ತಗೋ ಎಂದಿತು ಹೊಟ್ಟೆ. ಅವಳ ಬೆರಳು ಶಾಯಿಯ ಡಬ್ಬಿಯವರೆಗೆ ಹೋಯಿತು. ಹೋಗಿ ನಿಂತಿತು.

"ಇನ್ನೊಂದ್ಸಲ ಓದಿ ಸಾರ್."

ಓದಿದರು.

"ಅವಳು ಪರೀಕ್ಷೆ ಮಾಡಿದ್ಲು ಅಂತ ಇದೆಯಾ ಅದ್ರಲ್ಲಿ?"

"ಹೂಂ. ತಪ್ಪಾಗಿ ಮಾಡಿದ್ಲು ಅಂತ."

"ಅವಳು?"

"ಹೂಂ, ಮತ್ತ್ಯಾರು?"

ಆಗ ಉರಿದದ್ದೇ ಉರಿ. ಅದರ ಮುಂದೆ ಇಷ್ಟು ದಿನದ್ದು ಏನೂ ಅಲ್ಲ. ಸರಿ ಹೇಳಿದ್ದೆಲ್ಲ ಅವಳದಾಯಿತು. ಚಿತ್ರದ ಕೈ ಅವಳದಾಯಿತು, ಕುರ್ಚಿ ಅವಳದಾಯಿತು. ಈಗ ತಪ್ಪೂ ಅವಳದೇ? ಹನ್ನೊಂದು ದಿನ ಸೊಂಟ ಬಗ್ಗಿಸಿ, ಒಂದೊಂದನ್ನೂ ಹಿಸುಕಿ, ನಿಜ ಯಾವುದೆಂದು ತಿಳಿದು, ತಿಳಿದೇ ಮಾಡಿದ ತಪ್ಪು. ದಂಟಿನ ತಲೆ ಬುಡ ಗೊತ್ತಿಲ್ಲದವಳಿಗೆ ಅಂಥ ತಪ್ಪು ಮಾಡಲು ಬರುತ್ತದೆಯೇ?

ಚಿಮಟಕ್ಕ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಆ ತಪ್ಪು ನಂದು ಸಾರ್!"

"ಮೆತ್ತಗೆ, ಮೆತ್ತಗೆ..."

"ಯಾಕೆ ಮೆತ್ತಗೆ? ಪರೀಕ್ಷೆ ಮಾಡೋಳು ನಾನು. ಮೊದಲಿಂದ ನಾನು. ಟೊಳ್ಳಿಗೆ ಐದು ಅಂದೋಳು ನಾನು, ಗಟ್ಟಿಗೆ ಒಂದು ಅಂದೋಳು ನಾನು. ಬೇಕಂತ್ಲೇ ಅಂದೆ. ನಿಮ್ಗ್ಯಾರಿಗೂ ಗೊತ್ತಾಗ್ಲಿಲ್ಲ. ನಿಮ್ಗೂ ಗೊತ್ತಾಗ್ಲಿಲ್ಲ! ಇಷ್ಟು ವರ್ಷ ಸರಿಯಾಗಿ ಹೇಳಿದ್ದನ್ನ ಕಂಡೋರ ಹೆಸರಿಗೆ ಬರ್ಕೊಂಡ್ರಿ. ಒಂದೇ ಒಂದ್ಸಲ ತಪ್ಪು ಹೇಳಿದೀನಿ. ಅದನ್ನಾದ್ರೂ ನನ್ನ ಹೆಸರಿಗೆ ಬರೀರಿ!"

ಪಕ್ಕದ ಕೋಣೆಯಲ್ಲಿ ಚಹಾದ ಸದ್ದು ನಿಂತಿತು. ಬಾಗಿಲು ತೆರೆದು ಕನ್ನಡಕದ ಹೆಂಗಸು ಬಂದಳು. ಹಿಂದೆ ಉಳಿದಿಬ್ಬರು. ಪಡಸಾಲೆಯಲ್ಲಿ ಪುಸ್ತಕ ಅವುಚಿಕೊಂಡು ನಿಂತಿದ್ದ ಓರಗಿತ್ತಿಯೂ ಹೊಸ್ತಿಲಿಗೆ ಬಂದಳು.

"ತಲೆಕೆಟ್ಟಿದೆ ಇವಳಿಗೆ" ಎಂದರು ಸಾಹೇಬರು. "ಕೂಲಿಯವಳು. ಏನೇನೋ ಮಾತಾಡ್ತಾಳೆ."

ಕನ್ನಡಕದ ಹೆಂಗಸು ಅವರ ಮಾತಿಗೆ ಕಿವಿಗೊಡಲಿಲ್ಲ. ಮೇಜಿನ ಮೇಲೆ ಪರೀಕ್ಷೆಗೆಂದು ತಂದಿಟ್ಟಿದ್ದ ದಂಟಿನ ಕಟ್ಟಿನಿಂದ ಒಂದನ್ನು ಎಳೆದು 'ಇದು?' ಎನ್ನುವ ಹಾಗೆ ಚಾಚಿದಳು. ಚಿಮಟಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಹಿಂದಕ್ಕೆ ಕೈ ಚಾಚಿ ಹಿಸುಕಿದಳು.

"ನಾಕು."

ಬ್ಲೇಡು ಎಳೆದ ಸದ್ದು. ಇನ್ನೊಂದು ಕೈಗೆ ಬಂತು.

"ಒಂದು. ಹುಳ ಇದೆ ಒಳಗೆ. ಬುಡದ ಹತ್ರ."

ಮತ್ತೆ ಬ್ಲೇಡು. ಹತ್ತು ದಂಟು ಹಿಸುಕಿ ಸೀಳಿದ್ದಾಯಿತು, ಹತ್ತೂ ಸರಿಯಿತ್ತು. ಆಮೇಲೆ ಕನ್ನಡಕದ ಹೆಂಗಸು ಸಾಹೇಬರನ್ನು ಕೇಳಿದಳು.

"ನಿಮ್ಮ ಲೇಖನದಲ್ಲಿ ತರಬೇತಿ ಪಡೆದ ಸಿಬ್ಬಂದಿ ಅಂತ ಇತ್ತಲ್ಲ?"

ಸಾಹೇಬರು ನೀರು ಕುಡಿದರು. ಲೋಟ ಮೇಜಿನ ಮೇಲೆ ಇಡುವಾಗ ಸದ್ದಾಯಿತು. ಆ ಸದ್ದಿನಲ್ಲೇ ಓರಗಿತ್ತಿ ಒಳಗೆ ಬಂದಳು. ಯಾರ ಅಪ್ಪಣೆಗೂ ಕಾಯದೆ ಮೇಜಿನ ಮೇಲೆ ಪುಸ್ತಕ ಬಿಚ್ಚಿ, ಕೊನೆಯ ಪುಟದಲ್ಲಿ ಬರೆಯತೊಡಗಿದಳು.

"ಏನ್ ಬರೀತಿದೀಯಾ?" ಎಂದರು ಸಾಹೇಬರು.

ಓರಗಿತ್ತಿ ಎಲ್ಲರಿಗೂ ಕೇಳುವ ಹಾಗೆ ಓದಿದಳು.

"'ಈ ಹನ್ನೊಂದು ದಿನದ ತಪ್ಪು ಅಂಕಿಗಳನ್ನು ಹೇಳಿದವಳು ನನ್ನ ಓರಗಿತ್ತಿ ಚಿಮಟಕ್ಕ, ಈ ಕೇಂದ್ರದ ಕೂಲಿ ಹೆಂಗಸು. ಇದಕ್ಕೂ ಹಿಂದಿನ ಆರು ವರ್ಷದ ಎಲ್ಲ ಪುಟಗಳ ಸರಿ ಅಂಕಿಗಳನ್ನು ಹೇಳಿದವಳೂ ಅವಳೇ. ನಾನು ಒಂದು ದಂಟನ್ನೂ ಪರೀಕ್ಷಿಸಿಲ್ಲ.'"

"ಹರಿ ಅದನ್ನ!"

"ಪುಟಕ್ಕೆಲ್ಲ ನಂಬರ್ ಇದೆ ಸಾರ್. ಹರಿದ್ರೆ ಗೊತ್ತಾಗುತ್ತೆ."

"ಇಬ್ರೂ ನಾಳೆಯಿಂದ ಬರ್ಬೇಡಿ. ಇಬ್ರೂ!"

"ಬರಲ್ಲ ಬಿಡಿ" ಎಂದಳು ಚಿಮಟಕ್ಕ. "ಹೂ ಬಿಡೋಕೆ ಇನ್ನು ಮೂರು ದಿನ ಇದೆ. ಐನೂರು ಸಾಲಲ್ಲಿ ಗಟ್ಟಿ ಯಾವ್ದು, ಟೊಳ್ಳು ಯಾವ್ದು, ಹೊಲಕ್ಕಿಳಿದು ನೀವೇ ಹಿಸುಕ್ಕೊಳಿ. ಬೇಕು ಅಂದ್ರೆ ಮನೆ ಗೊತ್ತಲ್ಲ, ಮೇಸ್ತ್ರೀನ ಕಳ್ಸಿ. ಆ ಲೇಖನದಲ್ಲಿ ಇದ್ದದ್ದು ಇದ್ದ ಹಾಗೆ ಬರೆದಾದ್ಮೇಲೆ ಕಳ್ಸಿ."

ಸಾಹೇಬರು ಏನೋ ಕೂಗಿದರು. ಅವಳು ಆ ಕಡೆ ನೋಡಲಿಲ್ಲ. ಪುಸ್ತಕದ ಮೇಲೆ ಬಗ್ಗಿ ಶಾಯಿ ಆರದ ಸಾಲುಗಳನ್ನು ನೋಡಿದಳು. ದುಂಡಗೆ, ಒಂದೇ ಎತ್ತರದಲ್ಲಿ, ಸಾಲು ತಪ್ಪದೆ ಕೂತಿದ್ದವು. ಯಾವುದು ಯಾವ ಅಕ್ಷರವೋ ಗೊತ್ತಾಗಲಿಲ್ಲ. ತನ್ನ ಬಗ್ಗೆ ಬರೆದದ್ದನ್ನು ತಾನೇ ಓದಲಾರೆ. ಅದನ್ನೂ ಇವಳೇ ಬರೆಯಬೇಕು, ಇವಳೇ ಓದಿ ಹೇಳಬೇಕು. ಕೆಲಸ ಕಳೆದುಕೊಂಡು ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಮೇಲೆ ಚಿಮಟಕ್ಕನಿಗೆ ಮತ್ತೆ ಹೊಟ್ಟೆ ಉರಿಯಿತು.

"ನಾಳೆಯಿಂದ ಮನೇಲೇ ಇರ್ತೀಯಲ್ಲ" ಎಂದಳು. "ಬರೆಯೋದು ಕಲಿಸು ನಂಗೆ. ನಂದನ್ನ ನಾನೇ ಬರ್ಕೋತೀನಿ. ಇನ್ಮೇಲೆ ಅದನ್ನೂ ನಿಂಗೆ ಬಿಡಲ್ಲ."